ಲಾರೆನ್ಸ್ ಸತ್ತ ಮೇಲೆ ಡಾಕ್ಟರ್ ಕೇರ್ನ್ಸ್ ಇಟ್ಟ ಲೆಕ್ಕ

‘ಲಾರೆನ್ಸ್ ಆಫ್ ಅರೇಬಿಯಾ’ ಸಿನಿಮಾ ನೋಡಿದವರಿಗೆ ಅದರ ಮೊದಲ ದೃಶ್ಯ ನೆನಪಿರಬಹುದು. ಮರಳುಗಾಡೂ ಇಲ್ಲ, ಒಂಟೆಯೂ ಇಲ್ಲ. ಒಬ್ಬ ಮನುಷ್ಯ ಬೈಕ್ ಸ್ಟಾರ್ಟ್ ಮಾಡಿ ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಹೊರಡುತ್ತಾನೆ. ವೇಗ ಹೆಚ್ಚುತ್ತದೆ, ಸೈಕಲ್ ಸವಾರರು ಎದುರಾಗುತ್ತಾರೆ, ಬೈಕ್ ರಸ್ತೆ ಬಿಟ್ಟು ಹಾರುತ್ತದೆ. ಸಿನಿಮಾ ಅಲ್ಲಿಂದ ಹಿಂದಕ್ಕೆ, ಆತನ ಸಾಹಸಗಳ ಕಡೆಗೆ ಹೋಗುತ್ತದೆ. ನಾನು ಅಲ್ಲಿಂದ ಮುಂದಕ್ಕೆ ಹೋಗಬೇಕೆಂದಿದ್ದೇನೆ. ಆ ಅಪಘಾತದ ನಂತರ ಲಾರೆನ್ಸನ ಹಾಸಿಗೆ ಪಕ್ಕ ನಿಂತ ಡಾಕ್ಟರ್ ಒಬ್ಬರ ಕಥೆ ನನಗೆ ಲಾರೆನ್ಸನ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ. ವೈದ್ಯಲೋಕದಲ್ಲಿ ಅವರು ಬಹಳ ಪ್ರಸಿದ್ಧರು. ಹೆಸರು ಹ್ಯೂ ಕೇರ್ನ್ಸ್.

ಮೊದಲು ಅಪಘಾತದ ವಿಷಯ. ಟಿ.ಇ. ಲಾರೆನ್ಸ್ ಮೊದಲ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ಅರಬರ ಜೊತೆ ಸೇರಿ ಹೋರಾಡಿ ಹೆಸರಾದವನು. ಆಮೇಲೆ ಆ ಹೆಸರೇ ಬೇಡವೆನಿಸಿ, ಶಾ ಎಂಬ ಹೆಸರಿನಲ್ಲಿ ವಾಯುಪಡೆಯ ಸಾಮಾನ್ಯ ಸಿಬ್ಬಂದಿಯಾಗಿ ದುಡಿದ. ನಮ್ಮ ಉಪಖಂಡದಲ್ಲೂ, ಕರಾಚಿ ಮತ್ತು ಮಿರಾನ್‌ಶಾದಲ್ಲಿ, ಕೆಲಸ ಮಾಡಿದ್ದ. ಬೈಕ್ ಅಂದರೆ ಆತನಿಗೆ ಪ್ರಾಣ. ಬ್ರೌ ಸುಪೀರಿಯರ್ ಕಂಪನಿಯ ಬೈಕುಗಳನ್ನೇ ಒಂದಾದ ಮೇಲೊಂದರಂತೆ ಏಳು ಇಟ್ಟುಕೊಂಡಿದ್ದ. ನೌಕರಿ ಮುಗಿಸಿ ಡಾರ್ಸೆಟ್ ಸೀಮೆಯ ತನ್ನ ಪುಟ್ಟ ಮನೆಗೆ ಬಂದು ಕೆಲವೇ ವಾರಗಳಾಗಿದ್ದವು. 1935ರ ಮೇ 13ರಂದು ಹತ್ತಿರದ ಸೇನಾ ಶಿಬಿರದ ಅಂಚೆ ಕಚೇರಿಗೆ ಹೋಗಿ ಟೆಲಿಗ್ರಾಂ ಕೊಟ್ಟು ವಾಪಸಾಗುತ್ತಿದ್ದ. ರಸ್ತೆ ತಗ್ಗಾಗುವ ಜಾಗದಲ್ಲಿ ಇಬ್ಬರು ಹುಡುಗರು ಸೈಕಲ್ ಮೇಲೆ ಹೋಗುತ್ತಿದ್ದರು. ಅವರನ್ನು ತಪ್ಪಿಸಲು ಹೋಗಿ ಹ್ಯಾಂಡಲ್ ಮೇಲಿಂದ ಎಗರಿಬಿದ್ದ. ತಲೆಗೆ ಏನೂ ಹಾಕಿರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ಮೇ 19ರಂದು ತೀರಿಕೊಂಡ. ಆಗ 46 ವರ್ಷ. ಎಂಟನೇ ಬೈಕಿಗೆ ಆರ್ಡರ್ ಕೊಟ್ಟಾಗಿತ್ತು.

ನೋಡಲು ಬಂದ ತಜ್ಞರಲ್ಲಿ ಲಂಡನ್ನಿನ ನ್ಯೂರೋಸರ್ಜನ್ ಕೇರ್ನ್ಸ್ ಕೂಡ ಇದ್ದರು. ವಯಸ್ಸು 38. ಬ್ರಿಟನ್ನಿನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಅವರಿಗಿಂತ ಪಳಗಿದ ಕೈ ಸಿಗುವುದು ಕಷ್ಟವಿತ್ತು. ಆದರೆ ಆ ಕೈಗೆ ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ.

ಈ ಕೇರ್ನ್ಸ್ ಇಂಗ್ಲೆಂಡಿನವರಲ್ಲ. ಹುಟ್ಟಿದ್ದು 1896ರ ಜೂನ್ 26ರಂದು, ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಪಿರಿ ಎಂಬ ಬಂದರು ಊರಿನಲ್ಲಿ. ತಂದೆ ಸ್ಕಾಟ್ಲೆಂಡಿನಿಂದ ವಲಸೆ ಬಂದು ಮರಗೆಲಸ ಮಾಡುತ್ತಿದ್ದವರು. ಮಗ ರಿವರ್ಟನ್ ಎಂಬ ಸಣ್ಣ ಊರಿನ ಶಾಲೆಯಲ್ಲಿ ಓದಿ, ಅಡಿಲೇಡಿನ ಸರ್ಕಾರಿ ಹೈಸ್ಕೂಲಿಗೆ ಬಂದು, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದರು. ಕೋರ್ಸ್ ಮುಗಿಯುವ ಮೊದಲೇ ಮೊದಲ ಮಹಾಯುದ್ಧ ಬಂತು. ಓದು ನಿಲ್ಲಿಸಿ ಸೇನಾ ಆಸ್ಪತ್ರೆಯೊಂದರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ, ಗ್ರೀಸಿನ ಲೆಮ್ನೋಸ್ ದ್ವೀಪಕ್ಕೆ ಹೋದರು. ವಾಪಸ್ ಬಂದು 1917ರಲ್ಲಿ ಡಿಗ್ರಿ ಮುಗಿಸಿದರು. ಅದೇ ವರ್ಷ ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿತು. ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು ಸೇರಿದರು. ಓದಿನಲ್ಲಷ್ಟೇ ಅಲ್ಲ, ಮೈಕಟ್ಟಿನಲ್ಲೂ ಗಟ್ಟಿಗ. 1920ರಲ್ಲಿ ಕೇಂಬ್ರಿಡ್ಜ್ ವಿರುದ್ಧದ ಹೆಸರಾಂತ ದೋಣಿ ಸ್ಪರ್ಧೆಯಲ್ಲಿ ಆಕ್ಸ್‌ಫರ್ಡ್ ತಂಡದಲ್ಲಿ ಹುಟ್ಟು ಹಾಕಿದರು.

ಇಲ್ಲಿಯವರೆಗಿನದು ಜಾಣ ಹುಡುಗನೊಬ್ಬ ಮೇಲೆ ಬಂದ ಕಥೆ, ನಮ್ಮ ಸ್ಪರ್ಧಾತ್ಮಕ ಪರೀಕ್ಷೆಯ ಟಾಪರ್ ಸಂದರ್ಶನಗಳಂತೆಯೇ. ನನಗೆ ಹಿಡಿಸಿದ್ದು ಆಮೇಲಿನದು. 1926ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಪಡೆದು ಅವರು ಅಮೆರಿಕದ ಬಾಸ್ಟನ್‌ಗೆ ಹೋಗಿ ಹಾರ್ವೆ ಕುಷಿಂಗ್ ಕೈಕೆಳಗೆ ಒಂದು ವರ್ಷ ಕೆಲಸ ಮಾಡಿದರು. ಆಧುನಿಕ ನ್ಯೂರೋಸರ್ಜರಿಯ ಪಿತಾಮಹನೆಂದು ಕರೆಯುವುದು ಈ ಕುಷಿಂಗ್‌ರನ್ನೇ. ಆತುರವಿಲ್ಲದೆ, ಒಂದೊಂದು ರಕ್ತನಾಳವನ್ನೂ ಕಟ್ಟುತ್ತ, ಗಂಟೆಗಟ್ಟಲೆ ನಿಂತು ಮಾಡುವ ಶಸ್ತ್ರಚಿಕಿತ್ಸೆ ಅವರದು. ಕೇರ್ನ್ಸ್ ಅದನ್ನು ಕಲಿತರು. ಅದರ ಜೊತೆ ಇನ್ನೊಂದು ಕೆಲಸವನ್ನೂ ಮಾಡಿದರು. ಕುಷಿಂಗ್ ಆಪರೇಷನ್ ಮಾಡಿದ ರೋಗಿಗಳು ಆಮೇಲೆ ಏನಾದರು, ಎಷ್ಟು ಮಂದಿ ಬದುಕಿದರು, ಬದುಕಿದವರು ಹೇಗಿದ್ದಾರೆ ಎಂದು ವರ್ಷಗಳವರೆಗೆ ಬೆನ್ನುಹತ್ತಿ ಪಟ್ಟಿ ಮಾಡಿ ಪ್ರಕಟಿಸಿದರು. ಆಪರೇಷನ್ ಯಶಸ್ವಿ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ರೋಗಿ ಮನೆಗೆ ಹೋದ ಮೇಲೂ ಲೆಕ್ಕ ಇಡುವವರು ಕಡಿಮೆ. ಈ ಲೆಕ್ಕ ಇಡುವ ಗುಣವೇ ಮುಂದೆ ಸಾವಿರಾರು ತಲೆ ಉಳಿಸಿತು.

1937ರಲ್ಲಿ ಅವರು ಆಕ್ಸ್‌ಫರ್ಡಿನ ಮೊದಲ ನಫೀಲ್ಡ್ ಸರ್ಜರಿ ಪ್ರೊಫೆಸರ್ ಆದರು. ಈ ಹುದ್ದೆಗೆ ಹಣ ಕೊಟ್ಟವರು ಲಾರ್ಡ್ ನಫೀಲ್ಡ್, ಅಂದರೆ ಮಾರಿಸ್ ಕಾರು ಕಂಪನಿಯ ಮಾಲೀಕ. ಸೈಕಲ್ ರಿಪೇರಿಯಿಂದ ಶುರು ಮಾಡಿ ಬೈಕ್, ಆಮೇಲೆ ಕಾರು ತಯಾರಿಸಿ ಶ್ರೀಮಂತರಾದವರು. ವಾಹನ ಮಾರಿ ಬಂದ ಹಣದಲ್ಲಿ, ವಾಹನದಿಂದ ಒಡೆದ ತಲೆಗಳನ್ನು ನೋಡುವ ಡಾಕ್ಟರಿಗೆ ಸಂಬಳ. ವಿಚಿತ್ರ ಅನಿಸುತ್ತದೆ, ಆದರೆ ನ್ಯಾಯವಾಗಿಯೇ ಇದೆ.

ಎರಡು ವರ್ಷಕ್ಕೆ ಎರಡನೇ ಮಹಾಯುದ್ಧ ಶುರುವಾಯಿತು. ಜರ್ಮನ್ ವಿಮಾನಗಳಿಗೆ ಕಾಣಬಾರದೆಂದು ರಾತ್ರಿ ಇಡೀ ಬ್ರಿಟನ್ ದೀಪ ಆರಿಸಿತು. ಬೀದಿ ದೀಪವಿಲ್ಲ, ವಾಹನದ ಹೆಡ್‌ಲೈಟಿಗೂ ಮುಸುಕು. ಬಾಂಬು ಬೀಳುವ ಮೊದಲೇ ರಸ್ತೆಯಲ್ಲಿ ಜನ ಸಾಯತೊಡಗಿದರು. 1941ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 9,169 ಮಂದಿ. ಆ ದೇಶದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆ ಇನ್ನೊಂದಿಲ್ಲ, ವಾಹನಗಳು ಎಷ್ಟೋ ಪಟ್ಟು ಹೆಚ್ಚಾದ ಇಂದಿಗೂ ಇಲ್ಲ.

ಆ ಕತ್ತಲಲ್ಲಿ ಬೈಕ್ ಓಡಿಸುತ್ತಿದ್ದವರಲ್ಲಿ ಸೇನೆಯ ಡಿಸ್ಪ್ಯಾಚ್ ರೈಡರುಗಳು ಬಹಳ. ಒಂದು ಶಿಬಿರದಿಂದ ಇನ್ನೊಂದಕ್ಕೆ ಪತ್ರ, ನಕ್ಷೆ, ಆದೇಶ ಹೊತ್ತು ಹೋಗುವ ಹುಡುಗರು ಇವರು. ಹೊತ್ತಿಗೆ ಸರಿಯಾಗಿ ತಲುಪಿಸಬೇಕು, ಗೊತ್ತಿಲ್ಲದ ರಸ್ತೆ, ಮಳೆ. ಇದನ್ನು ಓದುವಾಗ ನನಗೆ ಯಾವುದೋ ದೂರದೇಶದ ಯುದ್ಧದ ಕಥೆ ಅನಿಸಲಿಲ್ಲ. ನಾನು ಬಿ.ಎಸ್ಸಿ ಮುಗಿಸಿ ಹುಬ್ಬಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಪರೀಕ್ಷೆಗೆ ಓದು, ಸಂಜೆ ಆರರಿಂದ ಹನ್ನೊಂದರವರೆಗೆ ಊಟದ ಡೆಲಿವರಿ. ನಮ್ಮಂಥವರು ಈಗ ಪ್ರತಿ ಊರಿನಲ್ಲೂ ಇದ್ದೇವೆ. ನಮಗೆ ರಸ್ತೆಯೇ ಆಫೀಸು. ಹಾಗಾಗಿ ರಸ್ತೆ ಸುರಕ್ಷತೆ ಬೇರೆ, ಕೆಲಸದ ಜಾಗದ ಸುರಕ್ಷತೆ ಬೇರೆ ಎಂದು ಪೋಸ್ಟರ್ ಅಂಟಿಸುವುದು ನಮ್ಮ ಪಾಲಿಗೆ ಅರ್ಥವಿಲ್ಲದ್ದು. ಆ ಡಿಸ್ಪ್ಯಾಚ್ ರೈಡರ್ ಹುಡುಗರಿಗೂ ಹಾಗೇ ಇತ್ತು.

ಕೇರ್ನ್ಸ್ ಬಗ್ಗೆ ನಾನು ಓದತೊಡಗಿದ್ದಕ್ಕೆ ಕಾರಣ ನನ್ನ ರೂಮ್‌ಮೇಟ್. ಅವನೂ ಡೆಲಿವರಿ ಮಾಡುತ್ತಿದ್ದ, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ, ಬಣ್ಣ ಬಳಿಯದ ಹಂಪ್ ಒಂದರ ಮೇಲೆ ಹಾರಿ ಬಿದ್ದ. ಹೆಲ್ಮೆಟ್ ಇತ್ತು. ಪಟ್ಟಿ ಬಿಗಿದಿರಲಿಲ್ಲ. ಪ್ರತಿ ಮನೆ ಬಾಗಿಲಲ್ಲೂ ತೆಗೆದು ಹಾಕಿ ಮಾಡಬೇಕಾದ್ದರಿಂದ ಯಾರೂ ಬಿಗಿಯುವುದಿಲ್ಲ. ಅವನ ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ ಬೇರೆ ದಿಕ್ಕಿಗೆ ಉರುಳಿ ಹೋಗಿತ್ತು. ಆಪರೇಷನ್ ಬೇಕಾಗಲಿಲ್ಲ. ಹೊರಗಿಂದ ನೋಡಿದರೆ ಹಿಂಬದಿಯಲ್ಲಿ ನಾಲ್ಕು ಹೊಲಿಗೆ, ಅಷ್ಟೇ. ಐದನೇ ದಿನ ಡಿಸ್ಚಾರ್ಜ್ ಆದ. ನೋಡಲು ಬಂದವರೆಲ್ಲ ಬಚಾವಾದೆಯಪ್ಪ ಎಂದು ಹೇಳಿ ಹೋದರು.

ಬಚಾವಾಗಿರಲಿಲ್ಲ. ಬಿದ್ದ ದಿನ ಮತ್ತು ಮಾರನೇ ದಿನ ಅವನ ನೆನಪಿನಲ್ಲಿ ಇಲ್ಲವೇ ಇಲ್ಲ. ವಾಸನೆ ಹೋಯಿತು. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದರೆ ಮಿದುಳು ಮುಂದಕ್ಕೆ ಜಗ್ಗಿ, ಮೂಗಿನಿಂದ ಮಿದುಳಿಗೆ ಹೋಗುವ ಎಳೆಯಂಥ ನರಗಳು ಹರಿಯುತ್ತವಂತೆ. ಈಗ ಸಾರು ಸೀದರೂ ಅವನಿಗೆ ಗೊತ್ತಾಗುವುದಿಲ್ಲ, ಗ್ಯಾಸ್ ಸೋರಿದರೂ ಗೊತ್ತಾಗುವುದಿಲ್ಲ. ಪುಸ್ತಕ ಹಿಡಿದು ಇಪ್ಪತ್ತು ನಿಮಿಷವಾದರೆ ತಲೆನೋವು. ಓದಿದ್ದು ಮಾರನೇ ದಿನ ಉಳಿಯುವುದಿಲ್ಲ. ಪಿಎಸ್‌ಐ ಪರೀಕ್ಷೆಯ ವಯೋಮಿತಿ ಅವನಿಗಾಗಿ ಕಾಯುವುದಿಲ್ಲ. ತಲೆಪೆಟ್ಟು ಎಂದರೆ ಸಾವು ಅಥವಾ ಬದುಕು ಎಂದು ಎರಡೇ ಲೆಕ್ಕ ಇಟ್ಟುಕೊಂಡಿದ್ದೇವೆ. ನಡುವೆ ಇಂಥವರು ಎಷ್ಟೋ ಜನ ಇದ್ದಾರೆ. ಅವರು ಯಾವ ಅಂಕಿಅಂಶದಲ್ಲೂ ಸಾಯುವುದಿಲ್ಲ.

ಕೇರ್ನ್ಸ್‌ಗೆ ಈ ನಡುವಿನವರು ಚೆನ್ನಾಗಿ ಗೊತ್ತಿದ್ದರು. ಆಕ್ಸ್‌ಫರ್ಡಿನಲ್ಲಿ ಹುಡುಗಿಯರ ಕಾಲೇಜಾಗಿದ್ದ ಸೇಂಟ್ ಹ್ಯೂಸ್ ಅನ್ನು ಯುದ್ಧಕಾಲಕ್ಕೆ ತಲೆಪೆಟ್ಟಿನವರ ಸೇನಾ ಆಸ್ಪತ್ರೆ ಮಾಡಲಾಯಿತು. 1940ರಲ್ಲಿ ಶುರುವಾದ ಆ ಆಸ್ಪತ್ರೆಯ ಹಿಂದಿನ ಶಕ್ತಿ ಅವರೇ. ಕಾಲೇಜಿನ ತೋಟದಲ್ಲಿ ವಾರ್ಡುಗಳಾಗಿ ಶೆಡ್ಡುಗಳು ಎದ್ದವು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 13,000 ಮಂದಿ ಅಲ್ಲಿ ಚಿಕಿತ್ಸೆ ಪಡೆದರು. ಅವರ ಜೊತೆಗಾರ, ನರತಜ್ಞ ರಿಚಿ ರಸೆಲ್, ಪೆಟ್ಟಿನ ನಂತರ ಎಷ್ಟು ಹೊತ್ತಿನ ನೆನಪು ಅಳಿಸಿಹೋಗಿದೆ ಎಂಬುದರಿಂದ ಪೆಟ್ಟು ಎಷ್ಟು ಆಳದ್ದೆಂದು ಅಳೆಯಬಹುದು ಎಂದು ತೋರಿಸಿದ್ದು ಇಂಥ ರೋಗಿಗಳನ್ನು ನೋಡಿಯೇ. ಈಗಲೂ ಡಾಕ್ಟರುಗಳು ಬಿದ್ದವರನ್ನು ಏನು ನೆನಪಿದೆ ಎಂದು ಕೇಳುತ್ತಾರಲ್ಲ, ಅದರ ಬೇರು ಅಲ್ಲಿದೆ.

ಈಗ ಲೆಕ್ಕಕ್ಕೆ ಬರೋಣ. 1941ರ ಅಕ್ಟೋಬರಿನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಕೇರ್ನ್ಸ್ ಒಂದು ಲೇಖನ ಬರೆದರು. ಯುದ್ಧದ ಮೊದಲ 21 ತಿಂಗಳಲ್ಲಿ ಬೈಕ್ ಸವಾರರು ಮತ್ತು ಹಿಂಬದಿ ಕೂತವರು ಸೇರಿ 2,279 ಮಂದಿ ಸತ್ತಿದ್ದರು, ಬಹುಪಾಲು ತಲೆಪೆಟ್ಟಿನಿಂದ. ಹೆಲ್ಮೆಟ್ ಹಾಕಿದ್ದು ಪೆಟ್ಟು ತಿಂದವರು ಎಷ್ಟು ಎಂದು ಅವರು ಹುಡುಕಿದಾಗ ಸಿಕ್ಕಿದ್ದು ಏಳೇ ಏಳು ಪ್ರಕರಣ. ಆ ಏಳರಲ್ಲಿ ಒಬ್ಬರೂ ಸತ್ತಿರಲಿಲ್ಲ.

ಏಳು ಅಂದರೆ ಬಹಳ ಸಣ್ಣ ಸಂಖ್ಯೆ. ಸ್ಟ್ಯಾಟಿಸ್ಟಿಕ್ಸ್ ಓದಿದ ಯಾರೇ ಆದರೂ ಇದರಿಂದ ಏನೂ ಸಾಬೀತಾಗುವುದಿಲ್ಲ ಎನ್ನುತ್ತಾರೆ. ಆದರೆ ಒಡೆದ ಹೆಲ್ಮೆಟ್ಟುಗಳನ್ನೂ ಒಡೆಯದ ಬುರುಡೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಅದು ಸಾಕಾಗಿತ್ತು. 1941ರ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ಆದೇಶ ಹೊರಡಿಸಿತು: ಡ್ಯೂಟಿ ಮೇಲಿರುವ ಪ್ರತಿ ಬೈಕ್ ಸವಾರನಿಗೂ ಹೆಲ್ಮೆಟ್ ಕಡ್ಡಾಯ. ಸೇನೆಯೇ ಹೆಲ್ಮೆಟ್ ಕೊಟ್ಟಿತು. ಅದಕ್ಕಾಗಿ ಸಿಪಾಯಿ ಸಂಬಳ ಕೂಡಿಡಬೇಕಾಗಿರಲಿಲ್ಲ.

ಕೇರ್ನ್ಸ್ ಅಲ್ಲಿಗೆ ನಿಲ್ಲಿಸಲಿಲ್ಲ. ಬಾಸ್ಟನ್ನಿನ ಅಭ್ಯಾಸ ಬಿಟ್ಟಿರಲಿಲ್ಲ. 1943ರಲ್ಲಿ ಎರಡನೇ ಲೇಖನ, ಈ ಸಲ ಹೆಲ್ಮೆಟ್ ಹಾಕಿದ್ದ 106 ಪ್ರಕರಣಗಳ ಮೇಲೆ. 1946ರಲ್ಲಿ ಮೂರನೆಯದು, 1939ರಿಂದ 1945ರವರೆಗೆ ತಿಂಗಳು ತಿಂಗಳಿಗೆ ಸತ್ತ ಬೈಕ್ ಸವಾರರ ಗ್ರಾಫ್. ಏರುತ್ತಿದ್ದ ಗೆರೆ 1941ರ ಕೊನೆಯ ನಂತರ ಇಳಿಯುತ್ತ ಹೋಗುತ್ತದೆ. ಪೆಟ್ರೋಲ್ ಕೊರತೆಯೂ ಅದರಲ್ಲಿ ಸೇರಿರಬಹುದು, ಎಲ್ಲವನ್ನೂ ಹೆಲ್ಮೆಟ್ಟಿನ ತಲೆಗೇ ಕಟ್ಟಲಾಗದು. ಆದರೂ ಆ ಗೆರೆ ತಿರುಗಿದ ಜಾಗ ಗಮನಿಸುವಂಥದ್ದು.

ಲಾರೆನ್ಸನ ಸಾವನ್ನು ನೋಡಿ ಮರುಗಿದ ಡಾಕ್ಟರ್ ಹೆಲ್ಮೆಟ್ ಕಂಡುಹಿಡಿದ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಥೆ ಓಡಾಡುತ್ತದೆ. ಕಥೆಗೆ ಚೆಂದ, ಆದರೆ ಹಾಗಲ್ಲ. ಹೆಲ್ಮೆಟ್ ಆಗಲೇ ಇತ್ತು. ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ಡಾಕ್ಟರ್ ಎರಿಕ್ ಗಾರ್ಡನರ್, ಕ್ಯಾನ್ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿ ಮಾಡಿಸಿದ ಟೋಪಿಯನ್ನು 1914ರ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲೇ ಕಡ್ಡಾಯ ಮಾಡಿಸಿದ್ದರು. ಅಂದರೆ ಲಾರೆನ್ಸ್ ಸಾಯುವ 21 ವರ್ಷ ಮೊದಲೇ. ರೇಸಿನವರಿಗೆ ಅದು ಬೇಕೆಂದು ಎಲ್ಲರೂ ಒಪ್ಪಿದ್ದರು. ಅಂಚೆ ಕಚೇರಿಗೆ ಹೋಗಿ ಬರುವವನಿಗೂ ಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಕೇರ್ನ್ಸ್ ಮಾಡಿದ್ದು ಹೊಸದೇನನ್ನೋ ಕಂಡುಹಿಡಿಯುವ ಕೆಲಸವಲ್ಲ. ಇದ್ದ ವಸ್ತು ಇದ್ದ ಜನಕ್ಕೆ ತಲುಪುವಂತೆ ಮಾಡಿದ್ದು. ಅದೂ ಒಂದು ಸಾವಿನ ಮರುದಿನವಲ್ಲ, ಆರು ವರ್ಷದ ಮೇಲೆ, ಸಾವಿರಾರು ಸಾವುಗಳನ್ನು ಎಣಿಸಿ. ಲಾರೆನ್ಸನ ಮುಖ ಅವರ ಮನಸ್ಸಿನಲ್ಲಿ ಇದ್ದಿರಬಹುದು. ಲೇಖನಗಳಲ್ಲಿ ಇರುವುದು ಅಂಕಿಗಳು.

ಹೆಲ್ಮೆಟ್ ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಕೇರ್ನ್ಸ್ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್‌ಬೋರ್ನ್ ಜೊತೆ ಸೇರಿದರು. 1943ರ ಲೇಖನದಲ್ಲಿ ಇಬ್ಬರ ಹೆಸರೂ ಇದೆ. ಹೋಲ್‌ಬೋರ್ನ್ ಜೆಲಾಟಿನ್‌ನಲ್ಲಿ ಮಿದುಳಿನ ಮಾದರಿ ಮಾಡಿದರು. ಜೆಲ್ಲಿಯನ್ನು ನೇರವಾಗಿ ಒತ್ತಿದರೆ ಅದು ಕುಗ್ಗುವುದಿಲ್ಲ. ಆದರೆ ಗಕ್ಕನೆ ತಿರುಚಿದರೆ ಪದರಗಳು ಒಂದರ ಮೇಲೊಂದು ಜಾರಿ ಸೀಳುತ್ತವೆ. ಮಿದುಳೂ ಹಾಗೇ. ಬುರುಡೆ ಒಡೆಯದೆಯೂ ಒಳಗೆ ಎಳೆಗಳು ಹರಿಯಬಹುದು ಎಂಬುದಕ್ಕೆ ಇದು ವಿವರಣೆ. ನನ್ನ ರೂಮ್‌ಮೇಟ್‌ನ ಸ್ಕ್ಯಾನ್ ರಿಪೋರ್ಟ್ ಹೆಚ್ಚೂಕಡಿಮೆ ನಾರ್ಮಲ್ ಎಂದಿದ್ದು ಯಾಕೆ ಎಂದು ನನಗೆ ಅರ್ಥವಾಗಿದ್ದು ಈ ಜೆಲ್ಲಿಯಿಂದ.

ಉಳಿದದ್ದು ಪ್ರಥಮ ಪಿಯುಸಿಯ ಚಲನೆಯ ಸಮೀಕರಣ. ನಿಂತ ಬೈಕಿನಿಂದಲೇ ವಾಲಿ ಬಿದ್ದಿರಿ ಎಂದುಕೊಳ್ಳಿ. ತಲೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳುತ್ತದೆ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ಆ ವೇಗದ ತಲೆ ಡಾಂಬರಿಗೆ ಬಡಿದು 2 ಮಿಲಿಮೀಟರ್ ಅಂತರದಲ್ಲಿ ನಿಂತರೆ, ಅದರ ಮೇಲೆ ಬೀಳುವ ಸರಾಸರಿ ಹೊಡೆತ ಗುರುತ್ವದ 750 ಪಟ್ಟು. ಅದೇ ತಲೆ 25 ಮಿಲಿಮೀಟರ್ ಅಂತರದಲ್ಲಿ ನಿಧಾನವಾಗಿ ನಿಂತರೆ 60 ಪಟ್ಟು. ಹೆಲ್ಮೆಟ್ ಒಳಗಿನ ಥರ್ಮಾಕೋಲ್ ಮಾಡುವುದು ಇದನ್ನೇ. ತಾನು ಪುಡಿಯಾಗುತ್ತ ಆ ಅಂತರವನ್ನು ಕೊಡುತ್ತದೆ. ಹಾಗಾಗಿ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ತನ್ನ ಕೆಲಸ ಮುಗಿಸಿರುತ್ತದೆ. ರಸ್ತೆ ಬದಿಯಲ್ಲಿ ನೂರೈವತ್ತು ರೂಪಾಯಿಗೆ ಸಿಗುವ ಅರ್ಧ ಟೋಪಿಯ ಒಳಗೆ ಬೆರಳು ಹಾಕಿ ನೋಡಿ. ಬಹಳಷ್ಟರಲ್ಲಿ ಸ್ಪಂಜು ಇರುತ್ತದೆ, ಥರ್ಮಾಕೋಲ್ ಇರುವುದಿಲ್ಲ. ಅದು ಪೊಲೀಸರಿಗೆ ತೋರಿಸಲು ಇರುವ ವಸ್ತು, ತಲೆಗಲ್ಲ.

ಇನ್ನೊಂದು ದೃಶ್ಯವನ್ನೂ ನೀವು ನೋಡಿರುತ್ತೀರಿ. ಕಟ್ಟಡದ ಕೆಲಸದವರು, ಡಿಪ್ಲೊಮಾ ಮುಗಿಸಿ ಸೈಟ್ ಸೂಪರ್‌ವೈಸರ್ ಆದ ನಮ್ಮ ಗೆಳೆಯರು, ಸೈಟಿನ ಹಳದಿ ಹೆಲ್ಮೆಟ್ ಹಾಕಿಕೊಂಡೇ ಬೈಕ್ ಓಡಿಸುತ್ತಾರೆ. ಸೈಟಿನ ಹೆಲ್ಮೆಟ್ ಹುಟ್ಟಿದ ಕಥೆಯೂ ಯುದ್ಧದ್ದೇ. ಅಮೆರಿಕದ ಬುಲ್ಲಾರ್ಡ್ ಎಂಬ ಸೈನಿಕ ಮೊದಲ ಮಹಾಯುದ್ಧದಿಂದ ವಾಪಸಾಗಿ, ಸೈನಿಕರ ಉಕ್ಕಿನ ಟೋಪಿಯ ಮಾದರಿಯಲ್ಲಿ 1919ರಲ್ಲಿ ಗಣಿ ಕೆಲಸದವರಿಗೆ ಕ್ಯಾನ್ವಾಸ್ ಟೋಪಿ ಮಾಡಿದ. 1933ರಲ್ಲಿ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಅದು ಕಡ್ಡಾಯವಾಯಿತು. ಆದರೆ ಅದನ್ನು ಮಾಡಿರುವುದು ಮೇಲಿಂದ ನೆತ್ತಿಗೆ ಇಟ್ಟಿಗೆ ಬಿದ್ದರೆ ತಡೆಯಲು. ಒಳಗಿನ ಪಟ್ಟಿಗಳ ಜಾಲ ಟೋಪಿಗೂ ನೆತ್ತಿಗೂ ನಡುವೆ ಜಾಗ ಬಿಟ್ಟಿರುತ್ತದೆ. ಪಕ್ಕಕ್ಕೆ, ಹಿಂಬದಿಗೆ ಅದರಲ್ಲಿ ರಕ್ಷಣೆ ಹೆಚ್ಚಿಲ್ಲ. ನಮ್ಮಲ್ಲಿ ಐಎಸ್‌ಐ ಸಂಖ್ಯೆಗಳೂ ಬೇರೆ: ಬೈಕಿನದು ಐಎಸ್ 4151, ಸೈಟಿನದು ಐಎಸ್ 2925. ಹೆಲ್ಮೆಟ್ಟಿನ ಮೇಲೆ ಅಚ್ಚಾಗಿರುತ್ತದೆ, ಕೊಳ್ಳುವಾಗ ನೋಡಬಹುದು.

ಯುದ್ಧದಲ್ಲಿ ಕೇರ್ನ್ಸ್ ಮಾಡಿದ ಬೇರೆ ಕೆಲಸಗಳೂ ಸಣ್ಣವಲ್ಲ. ನ್ಯೂರೋಸರ್ಜನ್‌ಗಳನ್ನು ಲಾರಿಯಲ್ಲಿ ರಣರಂಗದ ಹತ್ತಿರಕ್ಕೇ ಕಳಿಸುವ ಸಂಚಾರಿ ಘಟಕಗಳನ್ನು ಕಟ್ಟಿದರು. ತಮ್ಮಂತೆಯೇ ಅಡಿಲೇಡಿನಲ್ಲಿ ಓದಿ ಬಂದ ಹೋವರ್ಡ್ ಫ್ಲೋರಿ ಜೊತೆ 1943ರಲ್ಲಿ ಉತ್ತರ ಆಫ್ರಿಕಾಕ್ಕೆ ಹೋಗಿ, ಗಾಯಾಳು ಸೈನಿಕರಿಗೆ ಪೆನಿಸಿಲಿನ್ ಕೊಟ್ಟು ಪರೀಕ್ಷಿಸಿದರು. 1945ರ ಡಿಸೆಂಬರಿನಲ್ಲಿ ಅಮೆರಿಕದ ಹೆಸರಾಂತ ಜನರಲ್ ಪ್ಯಾಟನ್ ಜರ್ಮನಿಯಲ್ಲಿ ಕಾರು ಅಪಘಾತವಾಗಿ ಕುತ್ತಿಗೆ ಮುರಿದುಕೊಂಡಾಗ, ಕೇರ್ನ್ಸ್‌ರನ್ನು ವಿಮಾನದಲ್ಲಿ ಕರೆಸಿದರು. ಯುದ್ಧದಲ್ಲಿ ಟ್ಯಾಂಕುಗಳ ನಡುವೆ ಬದುಕಿದ ಮನುಷ್ಯ, ಯುದ್ಧ ಮುಗಿದ ಮೇಲೆ ನಿಧಾನವಾಗಿ ಹೋಗುತ್ತಿದ್ದ ಕಾರು ಲಾರಿಗೆ ತಾಗಿ ಬಿದ್ದಿದ್ದ. ಜೊತೆಗಿದ್ದವರಿಗೆ ಹೆಚ್ಚೇನೂ ಆಗಿರಲಿಲ್ಲ. ಪ್ಯಾಟನ್ ಉಳಿಯಲಿಲ್ಲ. ಲಾರೆನ್ಸ್ ನಂತರ ಎರಡನೇ ಸಲ ಕೇರ್ನ್ಸ್ ಇಂಥ ಹಾಸಿಗೆಯ ಪಕ್ಕದಲ್ಲಿ ನಿಂತು ಬರಿಗೈಯಲ್ಲಿ ವಾಪಸಾದರು.

1946ರಲ್ಲಿ ಅವರಿಗೆ ಸರ್ ಪದವಿ ಬಂತು. 1952ರ ಜುಲೈ 18ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ಇನ್ನೂ 56. ಸೇನೆಯ ಹೊರಗಿನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡುವ ಕಾನೂನನ್ನು ಅವರು ನೋಡಲಿಲ್ಲ. ಬ್ರಿಟನ್ನಿನಲ್ಲಿ ಅದು ಬಂದದ್ದು 1973ರಲ್ಲಿ, ಮೊದಲ ಲೇಖನದ 32 ವರ್ಷದ ಮೇಲೆ. ಲೆಕ್ಕ ಎಷ್ಟೇ ಸರಿಯಿದ್ದರೂ ಪಾರ್ಲಿಮೆಂಟಿಗೆ ಅರ್ಥವಾಗಲು ಅಷ್ಟು ಕಾಲ ಬೇಕಾಯಿತು.

ನಮ್ಮಲ್ಲಿ ಕಾನೂನು ಹಳೆಯದೇ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಹಾಕಬೇಕು ಎನ್ನುವುದರ ಜೊತೆಗೆ, ಅದನ್ನು ಪಟ್ಟಿಯಿಂದ ಬಿಗಿದಿರಬೇಕು ಎಂದೂ ಹೇಳುತ್ತದೆ. ಕರ್ನಾಟಕ 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯ ಮಾಡಿತು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವುದೇ ಅಪರಾಧ. ಇಷ್ಟಿದ್ದೂ, ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ ಬೈಕ್ ಸವಾರರು 50,029. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರೆ, ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ 69ರಷ್ಟು ಇಳಿಸುತ್ತದೆ. ಎರಡನೇ ಸಂಖ್ಯೆ ನನಗೆ ಮೊದಲನೆಯದಕ್ಕಿಂತ ಮುಖ್ಯ. ನನ್ನ ರೂಮ್‌ಮೇಟ್‌ನಂಥವರು ಇರುವುದು ಅದರಲ್ಲಿ.

ಕೇರ್ನ್ಸ್‌ರ ಲೆಕ್ಕದಿಂದ ನಾನು ತೆಗೆದುಕೊಂಡ ಪ್ರಶ್ನೆ ಒಂದೇ. ಅವರ ಕೆಲಸ ಮೊದಲು ಗೆದ್ದದ್ದು ಪಾರ್ಲಿಮೆಂಟಿನಲ್ಲಲ್ಲ, ಸೇನೆಯಲ್ಲಿ. ಹುಡುಗರನ್ನು ರಸ್ತೆಗೆ ಕಳಿಸುತ್ತಿದ್ದದ್ದು ಸೇನೆ, ತಲುಪುವ ಹೊತ್ತು ಗೊತ್ತು ಮಾಡುತ್ತಿದ್ದದ್ದು ಸೇನೆ. ಹಾಗಾಗಿ ಹೆಲ್ಮೆಟ್ ಕೊಡುವ ಹೊಣೆಯೂ ಅದರ ಮೇಲೆ ಬಿತ್ತು, ಒಂದು ಆದೇಶದಲ್ಲಿ ಮುಗಿಯಿತು. ನಾನು ಕೆಲಸ ಮಾಡುವ ಕಂಪನಿ ನನ್ನನ್ನು ನೌಕರ ಎನ್ನುವುದಿಲ್ಲ, ಪಾರ್ಟ್ನರ್ ಎನ್ನುತ್ತದೆ. ಸೇರುವಾಗ ಟಿ-ಶರ್ಟ್, ಬ್ಯಾಗು ಕೊಟ್ಟು ಅದರ ಹಣವನ್ನು ಮೊದಲ ವಾರಗಳ ದುಡಿಮೆಯಲ್ಲಿ ಹಿಡಿದುಕೊಂಡಿತು. ಹೆಲ್ಮೆಟ್ ಬಗ್ಗೆ ಆ್ಯಪ್‌ನಲ್ಲಿ ದಿನಾ ಒಂದು ಸೆಲ್ಫಿ ಕೇಳುತ್ತದೆ. ಅದರ ಪಟ್ಟಿ ಬಿಗಿದಿದೆಯೇ, ಒಳಗೆ ಏನಿದೆ ಎಂದು ಸೆಲ್ಫಿ ನೋಡುವುದಿಲ್ಲ. ರೂಮ್‌ಮೇಟ್ ಬಿದ್ದ ರಾತ್ರಿ ಅವನ ಆರ್ಡರ್ ಇನ್ನೊಬ್ಬರಿಗೆ ಹೋಯಿತು, ಮಾರನೇ ದಿನ ಅವನ ರೇಟಿಂಗ್ ಇಳಿಯಿತು.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಒಂದು ಕಾನೂನು ಮಾಡಿದೆ. ಅದರಡಿಯಲ್ಲಿ ಕಲ್ಯಾಣ ನಿಧಿ, ನೋಂದಣಿ ಎಲ್ಲ ಬರುತ್ತದೆ. ನಮ್ಮ ವಾಟ್ಸ್‌ಆ್ಯಪ್ ಗುಂಪಿನ ಹುಡುಗರು ನಾಲ್ಕು ಸಾಲಿನ ಒಂದು ಮನವಿ ಬರೆದಿದ್ದೇವೆ. ಬ್ಯಾಗು ಕೊಡುವ ದಿನವೇ ಐಎಸ್ 4151 ಗುರುತಿನ ಹೆಲ್ಮೆಟ್ಟನ್ನೂ ಕಂಪನಿಯ ಖರ್ಚಿನಲ್ಲೇ ಕೊಡಬೇಕು, ಬಿದ್ದು ಹಾಳಾದರೆ ಬದಲಿಸಬೇಕು, ಬಿದ್ದವರು ಎಷ್ಟು ಮಂದಿ ಎಂಬ ಲೆಕ್ಕವನ್ನು ತಿಂಗಳು ತಿಂಗಳು ಪ್ರಕಟಿಸಬೇಕು. ಕಾರ್ಮಿಕ ಇಲಾಖೆಗೆ ಕೊಡುವ ಮೊದಲು ಸಹಿ ಹಾಕಿಸುತ್ತಿದ್ದೇವೆ. ಈವರೆಗೆ 83 ಆಗಿವೆ. ರೂಮ್‌ಮೇಟ್ ಮೊದಲ ಸಹಿ ಹಾಕಿದ. ಮಾರನೇ ದಿನ ಸಂಜೆ ಹಾಳೆ ಕೇಳಿ ತೆಗೆದುಕೊಂಡು, ತಾನು ಸಹಿ ಹಾಕಿದ್ದೇನೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿದ.